ಮೂರನೆಯ ದಿನದ ಸೈಕಲ್ಲು

(ಹೋಳೂರಿನಲ್ಲಿ ನಿವೃತ್ತ ಶಿಕ್ಷಕರೊಬ್ಬರ ಬೀಳ್ಕೊಡುಗೆ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಶಾಲು, ಹಾರ, ಹಣ್ಣಿನ ಬುಟ್ಟಿಗಳ ಕಾರ್ಯಕ್ರಮ ಮುಗಿಯಿತು. ಪೇಟ ತೊಡಿಸುವಾಗ ನಮ್ಮ ಮೇಷ್ಟ್ರು ಪಟ್ಟ ಸಂಕೋಚವನ್ನು ನೀವೆಲ್ಲ ಕಂಡಿದ್ದೀರಿ. ಹೊಗಳಿ ಅವರನ್ನು ಇನ್ನಷ್ಟು ಕಷ್ಟಕ್ಕೆ ಗುರಿಪಡಿಸಲಾರೆ. ಅವರು ಮಾಡುತ್ತಿದ್ದ ಒಂದು ಕೆಲಸವನ್ನು ನೆನೆದು, ನಾಳೆಯಿಂದ ಅದನ್ನು ಮಾಡುವವರು ಯಾರೆಂದು ಕೇಳುವುದಷ್ಟೇ ನನ್ನ ಉದ್ದೇಶ.

ನಮ್ಮ ಸೀಮೆಯಲ್ಲಿ ಶಾಲೆಯ ಹಾಜರಿಯೂ ಬೆಳೆಯೊಡನೆ ಏರಿಳಿಯುತ್ತದೆ. ಟೊಮೇಟೊ ಕೊಯ್ಲಿನ ದಿನಗಳಲ್ಲಿ, ಕೋಲಾರದ ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ಮಾಲು ತಲುಪಿಸುವ ಅವಸರದಲ್ಲಿ, ಮನೆಯ ಮಕ್ಕಳೂ ತೋಟಕ್ಕಿಳಿಯುತ್ತಾರೆ. ರೇಷ್ಮೆ ಹುಳು ಹಣ್ಣಾದ ದಿನವಂತೂ ಕೇಳುವುದೇ ಬೇಡ. ಆರಿಸಿ ಚಂದ್ರಂಕಿಗೆ ಬಿಡಲು ಎಷ್ಟು ಕೈಗಳಿದ್ದರೂ ಸಾಲದು. ತಂದೆತಾಯಿಗಳನ್ನು ದೂರುವುದು ಸುಲಭ. ಸಾಲ ಮಾಡಿ ಬೆಳೆದವರ ಕಷ್ಟ ದೂರುವವರಿಗೆ ತಿಳಿಯದು. ಆದರೆ ಒಂದು ದಿನ ತಪ್ಪಿದ ಶಾಲೆ ಒಂದು ವಾರ ತಪ್ಪುತ್ತದೆ, ಹೆಣ್ಣುಮಗುವಾದರೆ ಶಾಶ್ವತವಾಗಿಯೇ ತಪ್ಪಿಬಿಡಬಹುದು.

ಮಗು ಮೂರನೆಯ ದಿನವೂ ಬಾರದಿದ್ದರೆ ಸಂಜೆ ಮೇಷ್ಟ್ರ ಸೈಕಲ್ಲು ಆ ಮನೆಯ ಮುಂದೆ ನಿಲ್ಲುತ್ತಿತ್ತು. ಅವರು ಯಾರನ್ನೂ ಗದರುತ್ತಿರಲಿಲ್ಲ. "ಹುಳು ಎಷ್ಟನೇ ಜ್ವರದಲ್ಲಿದೆ ಯಜಮಾನರೇ?" ಎಂದೇ ಮಾತು ಆರಂಭ. ನಮ್ಮ ಮನೆಯಲ್ಲಿ ಎರಡು ಲೋಟ ಕಾಫಿ ಮುಗಿಯುವವರೆಗೆ ಶಾಲೆಯ ಸುದ್ದಿಯನ್ನೇ ಎತ್ತಲಿಲ್ಲ. ಏಳುವಾಗ, "ಸೋಮವಾರದಿಂದ ಹುಡುಗನನ್ನು ಕಳಿಸಿಕೊಡಿ" ಎಂದರು. ಅಪ್ಪ ಇಲ್ಲವೆನ್ನಲಾಗಲಿಲ್ಲ.

ಮೇಷ್ಟ್ರೊಬ್ಬರ ಇಂಥ ಕರೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ನಮ್ಮ ಹಳೆಯ ಕೋಲಾರ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಹುಡುಗನ ಓದು ಊರಿನ ಶಾಲೆಗೇ ನಿಲ್ಲುವುದರಲ್ಲಿತ್ತು. ಅಲ್ಲಿ ಮುಖ್ಯೋಪಾಧ್ಯಾಯರಾಗಿದ್ದು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಹೋಗಿದ್ದ ನಾರಾಯಣರಾಯರು ಅವನನ್ನು ಮರೆಯದೆ ಕರೆಸಿಕೊಂಡರು. ಬಸ್ಸಿಗೆ ಕಾಸಿರಲಿಲ್ಲ. ಸುಮಾರು 80 ಕಿಲೋಮೀಟರು ದಾರಿಯನ್ನು ಹುಡುಗ ನಡೆದೇ ಕ್ರಮಿಸಿದ. ಆತನೇ ಡಾ. ಎಚ್. ನರಸಿಂಹಯ್ಯನವರು.

1942ರ ಚಳವಳಿಯಲ್ಲಿ ಸೆರೆಮನೆ ಕಂಡದ್ದು, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದದ್ದು, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದದ್ದು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದದ್ದು ಹಲವರಿಗೆ ಗೊತ್ತು. ನನ್ನನ್ನು ಹೆಚ್ಚು ತಟ್ಟಿದ್ದು ಅವರು ತಿರುಗಿ ನೋಡಿದ ದಿಕ್ಕು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ಎದ್ದು ನಿಂತವು. ತಮ್ಮಂತೆ ಇನ್ನೊಬ್ಬ ಹುಡುಗ ಬೆಂಗಳೂರಿಗೆ ನಡೆಯಬೇಕಾಗಿ ಬರಲಿಲ್ಲ. 1977ರಲ್ಲಿ ಕುಲಪತಿ ಹುದ್ದೆ ಮುಗಿದ ಮೇಲೂ ಅವರು ವಾಸಿಸಿದ್ದು ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ. 2005ರ ಜನವರಿ 31ರಂದು ತೀರಿಕೊಳ್ಳುವವರೆಗೆ ಅವರಿಗೆ ನಿವೃತ್ತಿಯೆಂಬುದೇ ಇರಲಿಲ್ಲ.

ಹಾಗೆಂದು ನಮ್ಮ ಮೇಷ್ಟ್ರಿಗೂ ವಿಶ್ರಾಂತಿ ಬೇಡವೆಂದು ಹೇಳುವಷ್ಟು ನಿರ್ದಯಿ ನಾನಲ್ಲ. ಮಂಡಿ ನೋವಿನಲ್ಲಿಯೂ ಸೈಕಲ್ಲು ತುಳಿದವರು; ಇನ್ನು ಮನೆಯ ಜಗಲಿಯಲ್ಲಿ ಕುಳಿತು ದಿನಪತ್ರಿಕೆ ಓದಲಿ. ಹೊಸದಾಗಿ ಬರುವ ಶಿಕ್ಷಕರು ಪರಸ್ಥಳದವರಾಗಿರಬಹುದು. ಯಾರ ಮನೆ ಎಲ್ಲಿ, ಯಾರ ತೋಟದಲ್ಲಿ ಕೊಯ್ಲು ಎಂಬುದನ್ನು ಅರಿಯಲು ಅವರಿಗೆ ವರ್ಷ ಬೇಕು. ಅಷ್ಟರಲ್ಲಿ ಎಷ್ಟು ಮಕ್ಕಳು ಕೈತಪ್ಪಿ ಹೋಗುತ್ತಾರೋ!

ಮೇಷ್ಟ್ರ ಜೇಬಿನಲ್ಲಿ ಸದಾ ಒಂದು ಸಣ್ಣ ನೋಟುಬುಕ್ಕು ಇರುತ್ತಿತ್ತು. ಮೂರು ದಿನ ಬಾರದವರ ಹೆಸರು, ಮನೆ, ಕಾರಣ ಅದರಲ್ಲಿರುತ್ತಿತ್ತು. ಮೇಷ್ಟ್ರೇ, ಇಂದು ಹೋಗುವ ಮೊದಲು ಅದನ್ನು ನಮ್ಮ ಕೈಗೆ ಕೊಡಬೇಕು. ಹಳೆಯ ವಿದ್ಯಾರ್ಥಿಗಳು ನಾವು ನಾಲ್ವರು ವಾರಕ್ಕೊಬ್ಬರಂತೆ ಸರದಿ ಮಾಡಿಕೊಂಡಿದ್ದೇವೆ. ಮೊದಲ ವಾರ ನನ್ನದು. ಯಾವ ಮನೆಯಲ್ಲಿ ಮಾತು ಹೇಗೆ ಆರಂಭಿಸಬೇಕೆಂದು ಕೇಳಲು ಭಾನುವಾರ ಸಂಜೆ ತಮ್ಮ ಜಗಲಿಗೆ ಬರುತ್ತೇನೆ.