ಕೆಂಪು ಕಾಣದ ಕಣ್ಣು: ಸಂಡೂರಿನ ಬೆಳಗು ಮತ್ತು ಕ್ಯಾಮೆರಾ



ಸಂಡೂರು ತಾಲ್ಲೂಕಿನ ದೋಣಿಮಲೈ ಕಡೆಯಿಂದ ಬಂದ ಯಾರ ಮೊಬೈಲನ್ನಾದರೂ ತೆರೆದು ನೋಡಿ. ಮಗುವಿನ ಹುಟ್ಟುಹಬ್ಬ, ಕುಮಾರಸ್ವಾಮಿ ಗುಡಿ, ಅವುಗಳ ನಡುವೆ ಸೂರ್ಯೋದಯದ ಒಂದು ಪಟ ಇದ್ದೇ ಇರುತ್ತದೆ. ಕೆಳಗೆ ಕಪ್ಪಗೆ ಗುಡ್ಡದ ಸಾಲು, ಮೇಲೆ ಕೆಂಡದಂಥ ಆಕಾಶ. ಬೆರಳು ತಾಗಿಸಿದರೆ ಮುಗಿಯಿತು. ಆದರೆ ಈ ಕೆಂಪನ್ನು ಕೆಂಪಾಗಿಯೇ ಹಿಡಿಯುವುದಕ್ಕೆ ಕ್ಯಾಮೆರಾ ಹತ್ತಿರ ಹತ್ತಿರ ನೂರು ವರ್ಷ ಒದ್ದಾಡಿದೆ. ಆ ಒದ್ದಾಟದ ಕಥೆಯ ಒಂದು ತುದಿ ನಮ್ಮ ಹಂಪಿಯಲ್ಲಿದೆ, ಇನ್ನೊಂದು ತುದಿ ಸಂಡೂರಿನ ಗುಡ್ಡಗಳಲ್ಲಿದೆ.

1856ನೇ ಇಸವಿ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಗೆ ಬಂದ. ಆಗ ಫಿಲ್ಮ್ ಇರಲಿಲ್ಲ. ಮೇಣ ಹಾಯಿಸಿದ ಕಾಗದಕ್ಕೆ ಬೆಳ್ಳಿಯ ಲವಣ ಬಳಿದು ಅದನ್ನೇ ನೆಗೆಟಿವ್ ಮಾಡಿಕೊಳ್ಳಬೇಕಿತ್ತು. ಒಂದೊಂದು ಹಾಳೆಯೂ ಒಂದಡಿಗಿಂತ ದೊಡ್ಡದು, ಅದು ಹಿಡಿಸುವಷ್ಟೇ ದೊಡ್ಡ ಮರದ ಪೆಟ್ಟಿಗೆಯೇ ಕ್ಯಾಮೆರಾ. ಒಳ್ಳೆ ಬಿಸಿಲಿನಲ್ಲೂ ನಿಮಿಷಗಟ್ಟಲೆ ಮಸೂರ ತೆರೆದಿಡಬೇಕು. ಅಷ್ಟು ಹೊತ್ತು ಅಲುಗಾಡದೆ ನಿಲ್ಲುವುದು ಕಲ್ಲು ಮಾತ್ರ. ಹಂಪಿಯಲ್ಲಿ ಕಲ್ಲಿಗೇನು ಬರ?

ಆ ಕಾಗದಕ್ಕೆ ಇನ್ನೊಂದು ಊನವಿತ್ತು. ಅದರ ಬೆಳ್ಳಿ ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತಿತ್ತು, ಕೆಂಪು ಬೆಳಕು ಬಿದ್ದರೂ ಬೀಳದಿದ್ದರೂ ಒಂದೇ. ನೀಲಿ ಆಕಾಶ ಪಟದಲ್ಲಿ ಬರೀ ಬಿಳಿ ಹಾಳೆಯಾಗುತ್ತಿತ್ತು, ಕೆಮ್ಮಣ್ಣು ಕಪ್ಪಾಗುತ್ತಿತ್ತು. ಉದಯಕಾಲದ ಬೆಳಕಿನಲ್ಲಿ ನೀಲಿ ಕಡಿಮೆ, ಕೆಂಪೇ ಹೆಚ್ಚು. ಹಾಗಾಗಿ ನಾವು ಕಣ್ತುಂಬಿಕೊಳ್ಳುವ ಹೊತ್ತೇ ಆ ಕ್ಯಾಮೆರಾಕ್ಕೆ ಕತ್ತಲು.

ಆದರೂ ಗ್ರೀನ್‌ಲಾನ ಪಟಗಳ ಬೆಲೆ ಸಣ್ಣದಲ್ಲ. ವಿಠ್ಠಲ ಗುಡಿಯ ಕಲ್ಲಿನ ರಥವನ್ನೇ ತೆಗೆದುಕೊಳ್ಳಿ. ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಕಾಣುವ ರಥದ ತಲೆ ಬೋಳು. ಗ್ರೀನ್‌ಲಾ ತೆಗೆದ ಪಟದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಆ ಪಟ ಉಳಿಯದೆ ಹೋಗಿದ್ದರೆ, ರಥ ಮೊದಲಿನಿಂದಲೂ ಹೀಗೇ ಇತ್ತು ಅಂತ ನಾವು ಮಕ್ಕಳಿಗೆ ಹೇಳಿಕೊಡುತ್ತಿದ್ದೆವು.

ಮುಂದೆ 1873ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫೋಗೆಲ್, ಬೆಳ್ಳಿಯ ಲೇಪಕ್ಕೆ ಕೆಲವು ಬಣ್ಣಗಳನ್ನು ಬೆರೆಸಿದರೆ ಅದಕ್ಕೆ ಹಸಿರೂ ಕಾಣುತ್ತದೆಂದು ಕಂಡುಕೊಂಡ. 1906ರ ಹೊತ್ತಿಗೆ ಕೆಂಪಿಗೂ ಸ್ಪಂದಿಸುವ ಪ್ಲೇಟುಗಳು ಅಂಗಡಿಗೆ ಬಂದವು. ಸಾಮಾನ್ಯರೂ ಕ್ಯಾಮೆರಾಕ್ಕೆ ತುಂಬಿಕೊಳ್ಳಬಹುದಾದ ಬಣ್ಣದ ಫಿಲ್ಮ್ ಕೊಡಾಕ್ರೋಮ್ ಬಂದದ್ದು 1935ರಲ್ಲಿ. ಗ್ರೀನ್‌ಲಾ ಹಂಪಿಗೆ ಬಂದು ಹೋದ ಎಂಬತ್ತು ವರ್ಷಕ್ಕೆ ಕ್ಯಾಮೆರಾದ ಕಣ್ಣಿಗೆ ಕೆಂಪು ನೆಟ್ಟಗೆ ಕಂಡಿತು ಅನ್ನಿ.

ಹಾಗಂತ ಕಪ್ಪುಬಿಳುಪನ್ನು ಎಲ್ಲರೂ ಕೈಬಿಡಲಿಲ್ಲ. ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು. ಕಪ್ಪುಬಿಳುಪಿನ ವನ್ಯಜೀವಿ ಛಾಯಾಗ್ರಹಣದಲ್ಲಿ ಅವರ ಹೆಸರು ಹೊರದೇಶಗಳಲ್ಲೂ ನಡೆಯುತ್ತಿತ್ತು. 1983ರಲ್ಲಿ ಬಂದ ಅವರ ಪುಸ್ತಕದ ಹೆಸರೇ ‘ಸನ್‌ಲೈಟ್ ಅಂಡ್ ಶ್ಯಾಡೋಸ್’, ಬಿಸಿಲು ಮತ್ತು ನೆರಳು. ಸಂಡೂರಿನವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮದು ಎರಡು ಗುಡ್ಡಸಾಲುಗಳ ನಡುವಿನ ಕಣಿವೆ. ಬೆಳಗ್ಗೆ ನೆತ್ತಿಗೆ ಬಿಸಿಲು ತಾಗಿದಾಗ ಬುಡ ಇನ್ನೂ ಮಬ್ಬು. ಭೀಮಗಂಡಿ, ಉಬ್ಬಲಗಂಡಿಯಂಥ ಇಕ್ಕಟ್ಟಾದ ಕಮರಿಗಳಲ್ಲಂತೂ ಬಿಸಿಲು ಇಳಿಯುವುದು ನಿಧಾನ. ಪಟ ತೆಗೆಯುವವರಿಗೆ ಇಲ್ಲಿ ಇಕ್ಕಟ್ಟು ಇದೇ: ನೆತ್ತಿಗೆ ಬೆಳಕಿನ ಅಳತೆ ಹಿಡಿದರೆ ಕಣಿವೆ ಮುಳುಗುತ್ತದೆ, ಕಣಿವೆಗೆ ಹಿಡಿದರೆ ಆಕಾಶ ಸುಟ್ಟು ಬಿಳಿಯಾಗುತ್ತದೆ. ಬಲ್ಲವರು ಆಕಾಶಕ್ಕೆ ಅಳತೆ ಹಿಡಿದು, ಕಣಿವೆಯಲ್ಲಿ ಮಂಜು ಏಳುವವರೆಗೆ ಕಾಯುತ್ತಾರೆ. ಮಂಜು ತಾನೇ ಬೆಳಕನ್ನು ಕೆಳಗೆ ಹರಡಿ ಕೊಡುತ್ತದೆ. ಸಂಡೂರನ್ನು ನೋಡುವುದಾದರೆ ಸೆಪ್ಟೆಂಬರಿನಲ್ಲಿ ನೋಡಬೇಕೆಂದು 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿ ಹೇಳಿದರೆಂಬ ಮಾತು ಇಲ್ಲಿ ಎಲ್ಲರ ಬಾಯಲ್ಲಿದೆ. ಮಳೆ ಬಿದ್ದು ಗುಡ್ಡ ಹಸಿರಾಗಿರುವ ದಿನಗಳವು. ಕ್ಯಾಮೆರಾದವರೂ ಅದಕ್ಕೆ ತಲೆಯಾಡಿಸುತ್ತಾರೆ.

ಈಗ ದೋಣಿಮಲೈಗೆ ಬರೋಣ. ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿಯ ಕಬ್ಬಿಣದ ಗಣಿ ಇಲ್ಲಿ ಶುರುವಾದದ್ದು 1977ರಲ್ಲಿ. ಹೆಚ್ಚುಕಡಿಮೆ ಅದೇ ಕಾಲಕ್ಕೆ ನಮ್ಮ ಊರುಗಳ ಸ್ಟುಡಿಯೋಗಳಿಗೂ ಬಣ್ಣದ ರೀಲು ಬರತೊಡಗಿತು. ಕೆಂಪನ್ನು ಹಿಡಿಯಬಲ್ಲ ಫಿಲ್ಮೂ ಕೆಂಪನ್ನು ಎಬ್ಬಿಸುವ ಯಂತ್ರವೂ ಜೊತೆಜೊತೆಗೇ ಬಂದವು. ಎಬ್ಬಿಸುವ ಅಂದೆ, ಯಾಕೆ ಗೊತ್ತೇ? ಒಳ್ಳೆಯ ಅದಿರಿನ ಒಂದು ಹೆಂಟೆಯನ್ನು ಕೈಯಲ್ಲಿ ಹಿಡಿದು ನೋಡಿ. ಅದು ಕೆಂಪಗಿರುವುದಿಲ್ಲ, ಉಕ್ಕಿನ ಹಾಗೆ ಬೂದುಗಪ್ಪು. ಒರಟು ಕಲ್ಲಿಗೆ ಉಜ್ಜಿದರೆ ರಕ್ತದ ಬಣ್ಣದ ಗೆರೆ ಬೀಳುತ್ತದೆ. ಅದರ ಹೆಮಟೈಟ್ ಎಂಬ ಹೆಸರು ಹುಟ್ಟಿದ್ದೇ ರಕ್ತಕ್ಕಿರುವ ಗ್ರೀಕ್ ಪದದಿಂದ. ಒಡೆದು ಪುಡಿಯಾದಾಗಲೇ ಅದು ಕೆಂಪಾಗುವುದು. ಹಾಗಾಗಿ ರಸ್ತೆಬದಿಯ ಗಿಡದ ಎಲೆ ಪಟದಲ್ಲಿ ಕೆಂಪಾಗಿ ಬಂದಿದ್ದರೆ ಅದನ್ನು ಸೂರ್ಯನ ಲೆಕ್ಕಕ್ಕೆ ಬರೆಯಬೇಡಿ.

ಅದಿರು ಬೇಡವೆಂದು ಯಾರೂ ಹೇಳುತ್ತಿಲ್ಲ. ಎಷ್ಟೋ ಮನೆಗಳ ಒಲೆ ಅದರಿಂದಲೇ ಉರಿಯುತ್ತದೆ. ಮಿತಿ ಮೀರಿದ್ದೂ ನಿಜ. 2011ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟೇ ತಡೆ ಹಾಕಬೇಕಾಯಿತು. ಗುಡ್ಡದ ನೆತ್ತಿ ಮೊದಲು ಹೇಗಿತ್ತು, ಎಲ್ಲಿ ಎಷ್ಟು ಕರಗಿತು ಎಂದು ಕೇಳಿದರೆ ಬಾಯಿಮಾತು ಸಾಲದು, ಪಟ ಬೇಕು.

ಇದಕ್ಕೂ ಹಂಪಿಯಲ್ಲೇ ಮೇಲ್ಪಂಕ್ತಿ ಇದೆ. ಗ್ರೀನ್‌ಲಾನ ನೆಗೆಟಿವ್‌ಗಳು ಬಹುಕಾಲ ಎಲ್ಲೋ ಮರೆಯಾಗಿದ್ದು ಮತ್ತೆ ಸಿಕ್ಕವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ಕ್ಯಾಮೆರಾ ಊರಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನದಲ್ಲಿ ಮತ್ತೆ ಪಟ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟ ಪುಸ್ತಕ 2008ರಲ್ಲಿ ಬಂತು. ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಬಿತ್ತು, ಏನು ಉಳಿಯಿತು ಎಂಬುದನ್ನು ಅದರ ಪುಟಗಳೇ ಹೇಳುತ್ತವೆ.

ಅದಕ್ಕೇ ನನ್ನದೊಂದು ಕೋರಿಕೆ. ಈ ಸಲ ಬೆಳಗಿನ ಪಟ ತೆಗೆಯಲು ಗುಡ್ಡ ಹತ್ತಿದಾಗ, ನಿಂತ ಜಾಗಕ್ಕೊಂದು ಗುರುತು ಇಟ್ಟುಕೊಳ್ಳಿ: ಒಂದು ಬಂಡೆ, ಒಂದು ತಿರುವು, ಗುಡಿಯ ಒಂದು ಮೆಟ್ಟಿಲು. ತಾರೀಖು ಬರೆದಿಡಿ. ಬಣ್ಣವನ್ನು ತಿದ್ದಿ ತೀಡಿ ಹೆಚ್ಚಿಸಬೇಡಿ. ಬರುವ ವರ್ಷ ಅದೇ ದಿನ, ಅದೇ ಜಾಗದಲ್ಲಿ ನಿಂತು ಇನ್ನೊಂದು ಪಟ ತೆಗೆಯಿರಿ. ಸೂರ್ಯ ಅದೇ ಕಡೆಯಿಂದ ಬಂದಿರುತ್ತಾನೆ. ಗುಡ್ಡ ಹಾಗೇ ಇದೆಯೋ ಇಲ್ಲವೋ, ಎರಡು ಪಟಗಳನ್ನು ಪಕ್ಕಪಕ್ಕ ಇಟ್ಟು ನೀವೇ ನೋಡಿಕೊಳ್ಳಿ.