ಐನೂರು ಮೈಲಿಯ ತಾಳ್ಮೆ

ಓಟವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ವೇಗ. ಮೋಟಾರು ಕಾರುಗಳ ಓಟವೆಂದರಂತೂ ಹೇಳಬೇಕಾದುದೇ ಇಲ್ಲ. ಕಿವಿ ಗಡಚಿಕ್ಕುವ ಸದ್ದು, ಸುಟ್ಟ ರಬ್ಬರಿನ ವಾಸನೆ, ಕಣ್ಣು ಮಿಟುಕಿಸುವುದರೊಳಗೆ ಮಾಯವಾಗುವ ಬಣ್ಣಗಳು. ಈ ಗದ್ದಲದಲ್ಲಿ ಓದು ಬರಹದವರಿಗೇನು ಕೆಲಸ ಎಂದು ಕೇಳುಗರಲ್ಲಿ ಕೆಲವರಾದರೂ ಕೇಳಿಯಾರು. ನನ್ನನ್ನು ಈ ಆಟದ ಕಡೆಗೆ ಸೆಳೆದದ್ದು ವೇಗವಲ್ಲ. ಬಲು ನಿಧಾನದವನೆಂದು ಹೆಸರಾದವನೊಬ್ಬ ಎಲ್ಲರನ್ನೂ ಹಿಂದಿಕ್ಕಿದ ಒಂದು ಪ್ರಸಂಗ.

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ ಡಾರ್ಲಿಂಗ್ಟನ್ ಎಂಬ ಸಣ್ಣ ಊರಿದೆ. ಹತ್ತಿ, ತಂಬಾಕುಗಳ ಸೀಮೆ ಅದು. ಆ ಊರಿನ ಹೆರಾಲ್ಡ್ ಬ್ರಾಸಿಂಗ್ಟನ್ ಎಂಬಾತ ಇಂಡಿಯಾನಾಪೊಲಿಸ್ ನಗರದ ಹೆಸರಾಂತ ಐನೂರು ಮೈಲಿಯ ಓಟವನ್ನು ಕಂಡು ಬಂದು, ಇಂಥದೊಂದು ನಮ್ಮಲ್ಲಿಯೂ ಏಕಾಗಬಾರದು ಎಂದು ಯೋಚಿಸಿದ. ಇಂಡಿಯಾನಾಪೊಲಿಸ್ಸಿನಲ್ಲಿ ಓಡುತ್ತಿದ್ದವು ಓಟಕ್ಕೆಂದೇ ಕಟ್ಟಿದ ಕಾರುಗಳು. ದಕ್ಷಿಣದವರ ರೂಢಿ ಬೇರೆ. ಯಾರು ಬೇಕಾದರೂ ಅಂಗಡಿಯಿಂದ ಕೊಂಡು ತರಬಹುದಾದ ಮನೆಬಳಕೆಯ ಕಾರನ್ನೇ ಅವರು ಪಂದ್ಯಕ್ಕೆ ಇಳಿಸುತ್ತಿದ್ದರು. ಸ್ಟಾಕ್ ಕಾರ್ ಓಟವೆಂಬ ಹೆಸರು ಬಂದದ್ದು ಹೀಗೆ. ಇಂದಿನ ಕಾರುಗಳಿಗೆ ಅಂಗಡಿಯ ಕಾರಿನ ಹೋಲಿಕೆ ಹೊರಮೈಗಷ್ಟೇ ಉಳಿದಿದೆ.

1949ರಲ್ಲಿ ಕೆಲಸ ಆರಂಭವಾಯಿತು. ಜಮೀನು ಕೊಟ್ಟ ರೈತ ಒಂದು ಷರತ್ತು ಹಾಕಿದ್ದ: ಅಲ್ಲಿದ್ದ ತನ್ನ ಸಣ್ಣ ಮೀನಿನ ಹೊಂಡವನ್ನು ಮುಟ್ಟಕೂಡದು. ಬ್ರಾಸಿಂಗ್ಟನ್ ಆ ಮಾತಿಗೆ ತಪ್ಪಲಿಲ್ಲ. ಹೊಂಡ ಉಳಿಯಲೆಂದು ಹಾದಿಯ ಒಂದು ತುದಿಯನ್ನು ಕಿರಿದು ಮಾಡಿದ. ಇನ್ನೊಂದು ತುದಿ ಅಗಲವಾಗಿಯೇ ಉಳಿಯಿತು. ಹೀಗೆ ಆ ಓಟದ ಹಾದಿಗೆ ಕೋಳಿಮೊಟ್ಟೆಯ ಆಕಾರ ಬಂದಿತು. ಒಂದು ತಿರುವಿಗೆ ಹದಗೊಳಿಸಿದ ಕಾರು ಮತ್ತೊಂದು ತಿರುವಿಗೆ ಒಗ್ಗುವುದಿಲ್ಲ. ದೊಡ್ಡ ದೊಡ್ಡ ಓಟಗಾರರೆಲ್ಲ ಇಂದಿಗೂ ಆ ಪುಟ್ಟ ಹೊಂಡಕ್ಕೆ ಸುಂಕ ತೆರುತ್ತಲೇ ಇದ್ದಾರೆ.

1950ರ ಸೆಪ್ಟೆಂಬರ್ 4ರಂದು, ಅಮೆರಿಕದ ಕಾರ್ಮಿಕ ದಿನದ ರಜೆಯಲ್ಲಿ, ಮೊದಲ ಸದರ್ನ್ 500 ಓಟ ನಡೆಯಿತು. ಒಂದೂಕಾಲು ಮೈಲಿಯ ಸುತ್ತು, ಅಂಥವು 400. ಒಟ್ಟು 75 ಕಾರುಗಳು. ಸ್ಪರ್ಧಿಗಳಲ್ಲಿ ಹೆಚ್ಚಿನವರು ಮಣ್ಣಿನ ಹಾದಿಯಲ್ಲಿ ಪಳಗಿದವರು. ಟಾರು ಹಾಕಿದ, ತಿರುವಿನಲ್ಲಿ ಓರೆಯಾಗಿ ಎದ್ದು ನಿಂತ ಹಾದಿ ಅವರಿಗೆ ಹೊಸದು. ಕ್ಯಾಡಿಲಾಕ್, ಓಲ್ಡ್ಸ್‌ಮೊಬೀಲ್ ಮುಂತಾದ ಭಾರಿ ಕಾರುಗಳು ಭೋರೆಂದು ಮುನ್ನುಗ್ಗಿದವು. ಆದರೆ ಬಿಸಿಲಿಗೆ ಕಾದ ಆ ಒರಟು ನೆಲದ ಮೇಲೆ ಅವುಗಳ ಟೈರುಗಳು ಒಂದರ ಹಿಂದೊಂದು ಸಿಡಿಯತೊಡಗಿದವು. ತಂದಿದ್ದ ಟೈರುಗಳು ಮುಗಿದಾಗ, ಪ್ರೇಕ್ಷಕರ ಕಾರುಗಳಿಂದಲೂ ಬಿಚ್ಚಿ ತಂದರೆಂದು ಹೇಳುತ್ತಾರೆ.

ಜಾನಿ ಮ್ಯಾಂಟ್ಜ್ ಎಂಬವನು ಹೊರಟಿದ್ದು 43ನೆಯ ಸ್ಥಾನದಿಂದ. ಆತನದು ಆರು ಸಿಲಿಂಡರಿನ, ಹಗುರವಾದ, ಯಾರೂ ಲೆಕ್ಕಕ್ಕೆ ಹಿಡಿಯದ ಪ್ಲಿಮತ್ ಕಾರು. ಇಂಡಿಯಾನಾಪೊಲಿಸ್ಸಿನಲ್ಲಿ ಓಡಿಸಿದ್ದ ಆತನಿಗೆ ಗಟ್ಟಿ ನೆಲದ ಸ್ವಭಾವ ಗೊತ್ತಿತ್ತು. ಲಾರಿಗೆ ಹಾಕುವ ಗಡಸು ಟೈರುಗಳನ್ನು ಹಾಕಿಸಿಕೊಂಡು, ಒಂದೇ ಸಮನಾದ ಗತಿಯಲ್ಲಿ ಸುತ್ತುತ್ತಲೇ ಹೋದ. ಉಳಿದವರು ಧಾವಿಸಿ ಬಂದು ನಿಂತರು, ಮತ್ತೆ ಧಾವಿಸಿ ಮತ್ತೆ ನಿಂತರು. ಆರೂವರೆ ಗಂಟೆಗಳಿಗೂ ಮೀರಿದ ಆ ಓಟದ ಕೊನೆಗೆ ಎರಡನೆಯವನಿಗಿಂತ ಒಂಬತ್ತು ಸುತ್ತು ಮುಂದಿದ್ದವನು ಮ್ಯಾಂಟ್ಜ್. ಸರಾಸರಿ ವೇಗ ಗಂಟೆಗೆ ಸುಮಾರು 75 ಮೈಲಿ, ಎಂದರೆ 121 ಕಿಲೋಮೀಟರು.

ಇದನ್ನು ಆಮೆ ಮೊಲಗಳ ಕಥೆಯೆಂದು ಕರೆದು ಮುಗಿಸಲು ನನಗೆ ಮನಸ್ಸಿಲ್ಲ. ಕಥೆಯ ಮೊಲ ನಿದ್ರೆ ಹೋಗಿ ಸೋತಿತು. ಇಲ್ಲಿ ಸೋತವರಾರೂ ನಿದ್ರಿಸಲಿಲ್ಲ. ಅವರನ್ನು ಸೋಲಿಸಿದ್ದು ಅವರ ಬಲವೇ. ಕಾರು ಭಾರವಾದಷ್ಟೂ, ನುಗ್ಗುವ ವೇಗ ಹೆಚ್ಚಿದಷ್ಟೂ ಟೈರು ಸವೆಯುತ್ತದೆ. ದೂರದ ಓಟದಲ್ಲಿ ಬಲವೆಂಬುದು ಖರ್ಚಿನ ಬಾಬತ್ತೂ ಹೌದು ಎಂಬುದನ್ನು ಮ್ಯಾಂಟ್ಜ್ ಮೊದಲೇ ಲೆಕ್ಕ ಹಾಕಿದ್ದ.

1965ರ ಸದರ್ನ್ 500ನಲ್ಲಿ ಈ ಮಾತಿಗೆ ಇನ್ನೊಂದು ಸಾಕ್ಷಿ ದೊರೆಯಿತು. ಮುಂದಿದ್ದವರ ಎಂಜಿನುಗಳು ಕೈಕೊಟ್ಟವು. ನೆಡ್ ಜ್ಯಾರೆಟ್ಟನ ಕಾರೂ ಕಾವೇರಿ ಕುದಿಯುತ್ತಿತ್ತು. ರೋಗಿಯನ್ನು ನಡೆಸಿಕೊಂಡು ಹೋಗುವಂತೆ ಆತ ಅದನ್ನು ಸಂಭಾಳಿಸಿಕೊಂಡು ಗುರಿ ಮುಟ್ಟಿಸಿದ. ಗೆಲುವಿನ ಅಂತರ 14 ಸುತ್ತು, 19 ಮೈಲಿಗೂ ಹೆಚ್ಚು. ಇದೇ ಹಾದಿಯಲ್ಲಿ 2003ರ ವಸಂತದಲ್ಲಿ ನಡೆದ ಬೇರೊಂದು ಓಟದಲ್ಲಿ ರಿಕಿ ಕ್ರೇವನ್ ಗೆದ್ದದ್ದು ಒಂದು ಸೆಕೆಂಡಿನ ಸಾವಿರದಲ್ಲಿ ಎರಡು ಪಾಲಿನ ಅಂತರದಿಂದ. ಹತ್ತೊಂಬತ್ತು ಮೈಲಿ ಅಲ್ಲಿ, ಕೂದಲೆಳೆ ಇಲ್ಲಿ.

'ತಾಳಿದವನು ಬಾಳಿಯಾನು' ಎಂಬ ಗಾದೆಯನ್ನು ಇಲ್ಲಿ ನೆನೆಯುವುದು ಸಹಜ. ಆದರೆ ಈ ಹಾದಿಯ ಚರಿತ್ರೆಯನ್ನು ಪೂರ್ತಿ ಓದಿದವನು ಆ ಗಾದೆಯನ್ನು ಅಷ್ಟು ಸುಲಭವಾಗಿ ನುಡಿಯಲಾರ. 1960ರ ಓಟದಲ್ಲಿ ಕಾರೊಂದು ದುರಸ್ತಿಯ ಕಟ್ಟೆಗೆ ನುಗ್ಗಿದಾಗ ಇಬ್ಬರು ಮೆಕ್ಯಾನಿಕರೂ ಒಬ್ಬ ಅಧಿಕಾರಿಯೂ ಸತ್ತರು. ಅವರಾರೂ ಓಡಿಸುತ್ತಿರಲಿಲ್ಲ; ಕೆಲಸದಲ್ಲಿದ್ದರು. ಜ್ಯಾರೆಟ್ ಗೆದ್ದ ಅದೇ 1965ರ ಓಟದಲ್ಲಿ ಗಾಯಗೊಂಡ ಬ್ಯೂರನ್ ಸ್ಕೀನ್ ಎಂಬ ಓಟಗಾರ ಕೆಲವು ದಿನಗಳ ಮೇಲೆ ತೀರಿಕೊಂಡ. ತಾಳ್ಮೆಗೆ ಅಲ್ಲಿ ಅವಕಾಶವೇ ಇರಲಿಲ್ಲ.

ಇನ್ನೊಂದು ಬಗೆಯ ತಾಳ್ಮೆಯೂ ಈ ಆಟದ ಚರಿತ್ರೆಯಲ್ಲಿದೆ. ಇದೇ ಪಂದ್ಯಾವಳಿಯಲ್ಲಿ, ಫ್ಲೋರಿಡಾದ ಜಾಕ್ಸನ್‌ವಿಲ್ ಎಂಬಲ್ಲಿ, 1963ರ ಡಿಸೆಂಬರ್ 1ರಂದು ವೆಂಡೆಲ್ ಸ್ಕಾಟ್ ಎಂಬ ಕಪ್ಪು ಜನಾಂಗದ ಓಟಗಾರ ಮೊದಲಿಗನಾಗಿ ಗುರಿ ಮುಟ್ಟಿದ. ಆದರೆ ಅಂದು ಗೆಲುವನ್ನು ಸಾರಿದ್ದು ಬಿಳಿಯನೊಬ್ಬನ ಹೆಸರಿನಲ್ಲಿ. ಬಹುಮಾನದ ಫಲಕ ಹೋದದ್ದೂ ಆತನ ಕೈಗೇ. ಲೆಕ್ಕ ತಪ್ಪಾಯಿತೆಂದು ಜನ ಚದುರಿದ ಮೇಲೆ ಒಪ್ಪಿಕೊಂಡರು. ಸ್ಕಾಟ್ 1990ರಲ್ಲಿ ತೀರಿಕೊಂಡ. ಆ ಗೆಲುವಿಗೆ ಸಲ್ಲಬೇಕಾದ ಫಲಕ ಆತನ ಮನೆಯವರ ಕೈ ಸೇರಿದ್ದು 2021ರಲ್ಲಿ.

ಮ್ಯಾಂಟ್ಜನ ತಾಳ್ಮೆ ಆತನೇ ಆರಿಸಿಕೊಂಡದ್ದು; ಅದು ವಿವೇಕ. ಸ್ಕಾಟನ ತಾಳ್ಮೆ ಇತರರು ಆತನ ಮೇಲೆ ಹೊರಿಸಿದ್ದು. ಅದನ್ನು ವಿವೇಕವೆಂದು ಹೊಗಳಿದರೆ ಅನ್ಯಾಯಕ್ಕೆ ದನಿಗೂಡಿಸಿದಂತೆ. ಎರಡಕ್ಕೂ ನಾವು ಒಂದೇ ಮಾತನ್ನು ಬಳಸುತ್ತೇವೆ. ತಾಳಿಕೋ ಎಂದು ಯಾರಿಗಾದರೂ ಬುದ್ಧಿ ಹೇಳುವ ಮುನ್ನ, ಆತನ ಗಾಡಿಯ ಚುಕ್ಕಾಣಿ ಯಾರ ಕೈಯಲ್ಲಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಡಾರ್ಲಿಂಗ್ಟನ್ನಿನ ಓಟ ನಡುವೆ ಕೆಲವು ವರ್ಷ ತನ್ನ ರಜೆಯ ದಿನವನ್ನು ಕಳೆದುಕೊಂಡು, 2015ರಲ್ಲಿ ಅದನ್ನು ಮರಳಿ ಪಡೆಯಿತು. ಈಗ ಸುತ್ತುಗಳು 367. ನೆಲ ಇಂದಿಗೂ ಟೈರನ್ನು ತಿನ್ನುತ್ತದೆ; ಗೋಡೆಗೆ ಉಜ್ಜಿ ಬಲಮಗ್ಗುಲಿನ ಬಣ್ಣ ಕಳೆದುಕೊಳ್ಳದೆ ಹಿಂದಿರುಗುವ ಕಾರು ಅಪರೂಪ.