ಕೈಯಲ್ಲಿರುವ ಫೋನೂ ಒಂದು ಬಾಗಿಲು

(ಗೋಕಾಕ ಫಾಲ್ಸ್‌ನಲ್ಲಿ ನೀಡಿದ ಜುಮಾ ಖುತ್ಬಾದ ಸಾರಾಂಶ)

ಸರ್ವ ಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಹಝ್ರತ್ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಹಾಗೂ ಸಹಾಬಿಗಳ ಮೇಲೂ ಸಲಾತ್, ಸಲಾಮ್‌ಗಳಿರಲಿ.

ಸತ್ಯವಿಶ್ವಾಸಿ ಬಂಧುಗಳೇ,

ಮಳೆಗಾಲ ಬಂತೆಂದರೆ ನಮ್ಮೂರಿಗೆ ಜನ ಹರಿದು ಬರುತ್ತಾರೆ. ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವುದನ್ನು ನೋಡಲು ಬಂದವರು ಈಗ ನೋಡುವುದಕ್ಕಿಂತ ಹೆಚ್ಚಾಗಿ ವಿಡಿಯೋ ಮಾಡುತ್ತಾರೆ. ಆ ರೀಲ್ಸ್‌ಗಳಲ್ಲಿ ನೀರಿನ ಜೊತೆಗೆ ಯಾರದೋ ಮನೆಯ ಹೆಣ್ಣುಮಕ್ಕಳೂ ಕಾಣುತ್ತಾರೆ. ಅವರನ್ನು ಕೇಳಿದವರು ಯಾರು? ಆದರೆ ಹೊರಗಿನವರನ್ನು ದೂರುವ ಮುಂಚೆ ನಮ್ಮ ಫೋನನ್ನೇ ಒಮ್ಮೆ ತೆರೆದು ನೋಡೋಣ. ಅದರಲ್ಲಿ ಎಷ್ಟು ಜನರ ಚಿತ್ರಗಳಿವೆ? ಎಷ್ಟನ್ನು ಕೇಳಿ ತೆಗೆದಿದ್ದೇವೆ?

ಸಹ್ಲ್ ಬಿನ್ ಸಅದ್(ರ)ರು ವರದಿ ಮಾಡಿದ ಒಂದು ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಒಬ್ಬ ವ್ಯಕ್ತಿ ಪ್ರವಾದಿ(ಸ)ರ ಮನೆಯ ಬಾಗಿಲ ರಂಧ್ರದಿಂದ ಒಳಗೆ ಇಣುಕಿದ. ಆಗ ಪ್ರವಾದಿ(ಸ)ರ ಕೈಯಲ್ಲಿ ತಲೆ ಬಾಚುವ ಸಾಧನವಿತ್ತು. ಅವನು ಇಣುಕುತ್ತಿರುವುದು ಮೊದಲೇ ತಿಳಿದಿದ್ದರೆ ಅದರಿಂದಲೇ ಕಣ್ಣಿಗೆ ಚುಚ್ಚುತ್ತಿದ್ದೆನೆಂದು ಅವರು ಕಟುವಾಗಿ ಎಚ್ಚರಿಸಿದರು. ಅನುಮತಿ ಕೇಳುವ ನಿಯಮ ಬಂದಿರುವುದೇ ದೃಷ್ಟಿಯ ಕಾರಣಕ್ಕೆ ಎಂದೂ ಹೇಳಿದರು. ಅಂದರೆ ಕಾಲಿಟ್ಟರೆ ಮಾತ್ರ ಪ್ರವೇಶವಲ್ಲ, ಕಣ್ಣು ಹೋದರೂ ಪ್ರವೇಶವೇ.

ಸೂರಃ ಅನ್ನೂರ್‌ನ 27ನೇ ಸೂಕ್ತವು ಅನುಮತಿ ಮತ್ತು ಸಲಾಮ್ ಇಲ್ಲದೆ ಪರರ ಮನೆಯನ್ನು ಪ್ರವೇಶಿಸಬಾರದೆಂದು ಆದೇಶಿಸುತ್ತದೆ. ಅದೇ ಸೂರಃದ 58ನೇ ಸೂಕ್ತವು ಇನ್ನೂ ಮುಂದೆ ಹೋಗಿ, ಮನೆಯೊಳಗಿನ ಮಕ್ಕಳಿಗೂ ಮೂರು ಹೊತ್ತುಗಳಲ್ಲಿ ಅನುಮತಿ ಕೇಳಲು ಕಲಿಸುತ್ತದೆ: ಫಜ್ರ್‌ಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯಲ್ಲಿ, ಇಶಾದ ನಂತರ. ಸೂರಃ ಅಲ್ ಹುಜುರಾತ್‌ನ 12ನೇ ಸೂಕ್ತವು ಪರರ ಗುಟ್ಟನ್ನು ಕೆದಕುವುದನ್ನು ಪರನಿಂದೆಯ ಜೊತೆಗೇ ನಿಷೇಧಿಸುತ್ತದೆ.

ನಮ್ಮ ದೇಶದ ಕಾನೂನೂ ಇದನ್ನು ಹಕ್ಕೆಂದು ಒಪ್ಪಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು.

ಹಾಗಾದರೆ ಫೋನನ್ನು ಎತ್ತಿಟ್ಟುಬಿಡಬೇಕೇ? ಹಾಗೆಂದು ನಾವು ಹೇಳುತ್ತಿಲ್ಲ. ಗಲ್ಫ್‌ನಲ್ಲಿ ದುಡಿಯುವ ಮಗನ ಮುಖವನ್ನು ತಾಯಿ ದಿನಾ ನೋಡುವುದು ಇದರಲ್ಲೇ. ಜನಾಝಾದ ಸುದ್ದಿ ಹತ್ತು ಹಳ್ಳಿಗೆ ಮುಟ್ಟುವುದು ಇದರಿಂದಲೇ. ರಕ್ತ ಬೇಕೆಂದಾಗ ಹುಡುಗರು ಓಡಿ ಬರುವುದು ಗ್ರೂಪಿನ ಒಂದು ಸಂದೇಶಕ್ಕೆ. ಮನೆಯಲ್ಲೇ ಕುಳಿತು ಹೊಲಿಗೆ ಮಾಡುವ ಸಹೋದರಿಯರಿಗೆ ಗಿರಾಕಿ ಸಿಗುವುದೂ ಸ್ಟೇಟಸ್ ನೋಡಿಯೇ. ಇವು ಅಲ್ಲಾಹನ ಅನುಗ್ರಹಗಳು, ಅಲ್ಲಗಳೆಯುವುದು ಕೃತಘ್ನತೆ. ಆದರೆ ಪ್ರತಿ ಅನುಗ್ರಹದ ಬಗ್ಗೆಯೂ ಪ್ರಶ್ನೆ ಇದೆ.

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಬೇಕು. ಒಂದು ರಂಝಾನ್‌ನಲ್ಲಿ ನಾವು ರೇಷನ್ ಕಿಟ್ ಹಂಚಿದೆವು. ದಾನಿಗಳಿಗೆ ಲೆಕ್ಕ ತೋರಿಸಬೇಕೆಂದು ಪ್ರತಿಯೊಬ್ಬರಿಗೂ ಕಿಟ್ ಕೊಡುವಾಗ ಫೋಟೋ ತೆಗೆದು ಗ್ರೂಪಿಗೆ ಹಾಕಿದೆವು. ಉದ್ದೇಶ ಒಳ್ಳೆಯದೇ ಇತ್ತು. ಮರುವರ್ಷ ಒಬ್ಬ ವಿಧವೆ ಸಹೋದರಿ ಬರಲಿಲ್ಲ. ವಿಚಾರಿಸಿದಾಗ ತಿಳಿಯಿತು: ಆ ಫೋಟೋ ಗ್ರೂಪಿನಿಂದ ಗ್ರೂಪಿಗೆ ಹೋಗಿ, ಅವರ ಮಗಳಿಗೆ ಶಾಲೆಯಲ್ಲಿ ಅದನ್ನು ತೋರಿಸಿ ನಕ್ಕಿದ್ದರು. "ಫೋಟೋ ತೆಗೀರಿ ಅಂತ ನಾ ಹೇಳಿದ್ದಿಲ್ಲ. ಬ್ಯಾಡ ಅನ್ನಾಕೂ ಆಗಲಿಲ್ಲ, ಅಕ್ಕಿ ಬೇಕಾಗಿತ್ತು" ಎಂದರು ಆ ಸಹೋದರಿ.

ಬಂಧುಗಳೇ, ಗರಜು ಇದ್ದವರ ಮೌನ ಒಪ್ಪಿಗೆಯಲ್ಲ. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯದಂತೆ ದಾನ ಮಾಡಿದವನು ಮಹ್ಶರದಲ್ಲಿ ಅಲ್ಲಾಹನ ನೆರಳು ಪಡೆಯುವ ಏಳು ಮಂದಿಯಲ್ಲಿ ಒಬ್ಬನೆಂದು ಪ್ರವಾದಿ(ಸ) ತಿಳಿಸಿದ್ದಾರೆ. ನಾವು ಎಡಗೈಗಲ್ಲ, ಇಡೀ ತಾಲ್ಲೂಕಿಗೆ ತಿಳಿಸಿದ್ದೆವು. ಮನುಷ್ಯರ ಹಕ್ಕಿನಲ್ಲಿ ತಪ್ಪಿದರೆ ಬರೀ ತೌಬಾ ಸಾಲದು, ಅವರಲ್ಲೇ ಕ್ಷಮೆ ಕೇಳಬೇಕು. ನಮ್ಮ ಹಿರಿಯರು ಅವರ ಮನೆಗೆ ಹೋಗಿ ಕೇಳಿದರು, ಅವರು ಕ್ಷಮಿಸಿದರು. ಆದರೆ ಆ ಫೋಟೋ ಎಷ್ಟು ಫೋನ್‌ಗಳಲ್ಲಿ ಉಳಿದಿದೆಯೋ ಅಲ್ಲಾಹನೇ ಬಲ್ಲ. ಅದನ್ನು ಹಿಂದಕ್ಕೆ ಪಡೆಯಲು ನಮ್ಮಿಂದ ಆಗಲಿಲ್ಲ.

ಆ ಸಹೋದರಿಯ ಸ್ಥಿತಿಯಲ್ಲೇ ನಾವೂ ಇದ್ದೇವೆ. ಆ್ಯಪ್ ಬೇಕಾಗಿರುತ್ತದೆ, ಓದದೆ ಒಪ್ಪಿದೆ ಎಂದು ಒತ್ತುತ್ತೇವೆ. ವಾಟ್ಸ್ಆ್ಯಪನ್ನು ಫೇಸ್‌ಬುಕ್ 2014ರಲ್ಲಿ ಕೊಂಡಿತು. 2021ರ ಜನವರಿಯಲ್ಲಿ ಹೊಸ ಷರತ್ತುಗಳು ಬಂದಾಗ ಅನೇಕರು ಸಿಗ್ನಲ್, ಟೆಲಿಗ್ರಾಂಗಳಿಗೆ ಹೋದರು. ಆದರೆ ಬಂಧುಬಳಗವೆಲ್ಲ ಇಲ್ಲೇ ಇದೆಯೆಂದು ಎಷ್ಟೋ ಜನ ತಿರುಗಿ ಬಂದರು. ಸಂದೇಶದ ಮಾತು ಕಂಪನಿಗೆ ಓದಲು ಬರದಂತೆ ಬೀಗ ಹಾಕಿದ್ದರೂ ಯಾರು ಯಾರೊಂದಿಗೆ ಸಂಪರ್ಕದಲ್ಲಿದ್ದಾರೆ ಎಂಬುದು ಅದಕ್ಕೆ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಎದುರಿನವರು ಸ್ಕ್ರೀನ್‌ಶಾಟ್ ತೆಗೆದರೆ ಯಾವ ಬೀಗವೂ ಕಾಯುವುದಿಲ್ಲ. ಕೂಟದಲ್ಲಿ ಆಡಿದ ಮಾತು ಅಮಾನತ್. ಗ್ರೂಪ್ ಕೂಡ ಒಂದು ಕೂಟವೇ.

2021ರ ಜುಲೈಯಲ್ಲಿ, ಮತ್ತೆ 2022ರ ಜನವರಿ 1ರಂದು, ಮುಸ್ಲಿಮ್ ಮಹಿಳೆಯರು ತಾವೇ ಸಾಮಾಜಿಕ ಜಾಲತಾಣಗಳಲ್ಲಿ ಹಾಕಿಕೊಂಡಿದ್ದ ಚಿತ್ರಗಳನ್ನು ಕದ್ದು ಆ್ಯಪ್‌ಗಳಲ್ಲಿ 'ಹರಾಜಿಗೆ' ಇಟ್ಟದ್ದನ್ನು ನೀವು ಮರೆತಿರಲಾರಿರಿ. ಎರಡನೇ ಪ್ರಕರಣದಲ್ಲಿ ಬೆಂಗಳೂರಿನ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯ ಬಂಧನವೂ ಆಯಿತು. ಆಗ ನಮ್ಮವರೇ ಕೆಲವರು, ಇವರು ಫೋಟೋ ಯಾಕೆ ಹಾಕಬೇಕಿತ್ತು ಎಂದರು. ಪ್ರವಾದಿ(ಸ) ಗದರಿದ್ದು ಇಣುಕಿದವನನ್ನು ಎಂಬುದನ್ನು ನೆನಪಿಡಿ. ಅನ್ನೂರ್ ಸೂರಃದಲ್ಲಿ ದೃಷ್ಟಿ ತಗ್ಗಿಸುವ ಆದೇಶ ಮೊದಲು ಬಂದಿರುವುದು ಪುರುಷರಿಗೆ. ಬಾಗಿಲ ರಂಧ್ರವನ್ನು ಮುಚ್ಚಿಕೊಳ್ಳುವುದು ಜಾಣತನ, ಸರಿಯೇ. ಆದರೆ ತಪ್ಪು ಇಣುಕಿದವನದೇ. ನಿಮ್ಮ ಮಗಳಿಗೆ ಯಾರಾದರೂ ಚಿತ್ರ ತೋರಿಸಿ ಬೆದರಿಸಿದರೆ, ಬೈಗುಳದ ಭಯವಿಲ್ಲದೆ ಅದನ್ನು ಮೊದಲು ನಿಮಗೆ ಹೇಳುವಂತಿರಬೇಕು. ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡರೆ 1930ಕ್ಕೆ ಕರೆ ಮಾಡಿ. ಬೆದರಿಕೆಯಾದರೆ ಪೊಲೀಸರಲ್ಲಿ ದೂರು ಕೊಡಿ. ಮುಚ್ಚಿಟ್ಟರೆ ಬೆದರಿಸಿದವನ ಕೈ ಮೇಲಾಗುತ್ತದೆ.

ಆದ್ದರಿಂದ ಇಂದಿನಿಂದ ಕೆಲವನ್ನು ನಿಶ್ಚಯಿಸೋಣ. ಕಿಟ್ ಹಂಚುವಾಗ ಫೋಟೋ ತೆಗೆಯುವುದು ಬೇಡ, ದಾನಿಗಳಿಗೆ ರಸೀದಿ ಮತ್ತು ಲೆಕ್ಕದ ಪುಸ್ತಕ ತೋರಿಸೋಣ. ನಿಕಾಹ್‌ನಲ್ಲಿ ಮಹಿಳೆಯರ ಕಡೆಯ ವಿಡಿಯೋವನ್ನು ಯಾರೂ ಸ್ಟೇಟಸ್‌ಗೆ ಹಾಕದಿರಲಿ. ಆಸ್ಪತ್ರೆಯಲ್ಲಿ ಮಲಗಿದವರ, ಮಯ್ಯಿತ್‌ನ ಚಿತ್ರ ಹಂಚದಿರೋಣ, ದುಆ ಕೇಳಲು ಹೆಸರು ಸಾಕು. ಮಕ್ಕಳ ಫೋಟೋ ಹಾಕುವ ಮುಂಚೆ ಮಕ್ಕಳನ್ನೇ ಕೇಳೋಣ. ಇಂದು ನಾವು ಕೇಳಿದರೆ ನಾಳೆ ಅವರು ಕೇಳುವುದನ್ನು ಕಲಿಯುತ್ತಾರೆ. ಪರರ ಲೋಪದ ವಿಡಿಯೋ ನಮ್ಮ ಫೋನಿಗೆ ಬಂದರೆ ಅದು ಅಲ್ಲಿಯೇ ಸಾಯಲಿ. ಸಹೋದರನ ಲೋಪವನ್ನು ಮುಚ್ಚಿದವನ ಲೋಪವನ್ನು ಅಲ್ಲಾಹನು ಇಹಪರಗಳಲ್ಲಿ ಮುಚ್ಚುವನೆಂದು ಪ್ರವಾದಿ(ಸ) ಹೇಳಿದ್ದಾರೆ.

ಯಾ ಅಲ್ಲಾಹ್, ನಮ್ಮ ಕಣ್ಣುಗಳನ್ನೂ ಬೆರಳುಗಳನ್ನೂ ಅಮಾನತ್‌ದಾರರನ್ನಾಗಿ ಮಾಡು. ನಮ್ಮಿಂದ ಅವಮಾನಿತರಾದವರ ಮುಂದೆ ಕ್ಷಮೆ ಕೇಳುವ ಧೈರ್ಯ ಕೊಡು. ನೀನು ಮುಚ್ಚಿಟ್ಟ ನಮ್ಮ ಲೋಪಗಳನ್ನು ಅಂತಿಮ ದಿನದಂದೂ ಮುಚ್ಚಿಡು. ಆಮೀನ್.